ಹೆಣ್ಣು ನೋಡಲು ಬಂದವರಿಗೆ ಓದಿದ ವಿಮಾನದ ಇಂಜಿನ್ನು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಟಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿಕೊಂಡು, ಉಳಿದ ಹೊತ್ತಿನಲ್ಲಿ ಒಂದು ಕನ್ನಡ ವಿಶ್ವಕೋಶಕ್ಕೆ ವಿಮಾನದ ಇಂಜಿನ್ನುಗಳ ಬಗ್ಗೆ ಬರೆಯುತ್ತಿದ್ದೆ. ವಿಮಾನವನ್ನು ನಾನು ಕಂಡಿದ್ದು ಕತ್ತೆತ್ತಿ ಮಾತ್ರ. ಮೈಸೂರಿನ ಲೈಬ್ರರಿಯಿಂದ ತಂದ ಇಂಗ್ಲಿಷ್ ಪುಸ್ತಕಗಳೇ ಬಂಡವಾಳ. ಸಂಪಾದಕರದು ಒಂದೇ ಹಟ: ಎಲ್ಲ ಲೇಖನವೂ ಒಂದೇ ಅಚ್ಚಿನಲ್ಲಿರಬೇಕು. ಮೊದಲು ಹೆಸರು, ದೇಶ, ಬಗೆ, ಆಮೇಲೆ ಅದು ವಿಮಾನವನ್ನು ಎಷ್ಟು ಜೋರಾಗಿ ನೂಕುತ್ತದೆ ಎಂಬ ನೂಕುಬಲ, ಆಮೇಲೆ ಯಾವ ವಿಮಾನಕ್ಕೆ ಜೋಡಿಸಿದರು, ಕೊನೆಗೆ ಚರಿತ್ರೆ. ಒಂದು ವಾಕ್ಯ ಆಚೀಚೆಯಾದರೂ ಲೇಖನ ವಾಪಸು ಬರುತ್ತಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು. ಬರಬರುತ್ತಾ ನನಗೇ ಆ ಹುಚ್ಚು ಹಿಡಿಯಿತು, ಅಡುಗೆಮನೆಯ ಡಬ್ಬಗಳನ್ನು ಅವ್ವ ಅದಲುಬದಲು ಮಾಡಿದರೂ ರೇಗುವಷ್ಟು.

ಆಗ ನಂಜನಗೂಡಿನಿಂದ ಒಂದು ಸಂಬಂಧ ಬಂತು. ಹುಡುಗ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರು. ಅದಕ್ಕೆ ಮುಂಚೆ ಬಂದವರೆಲ್ಲ ನನ್ನ ಬರವಣಿಗೆ ಒಂದು ಕಾಯಿಲೆಯೇನೋ ಎಂಬಂತೆ, ಮದುವೆಯಾದ ಮೇಲೆ ಬಿಡ್ತಾಳೆ ತಾನೆ ಎಂದು ಅಪ್ಪನನ್ನು ಕೇಳಿದ್ದರು. ಈತ ಮಾತ್ರ ಏನು ಬರೀತೀರಿ ಎಂದು ನನ್ನನ್ನೇ ಕೇಳಿದ. ಇದು ಕೂಡಿಬರಲಿ ಎಂದು ಅಲ್ಲೇ ನಂಜುಂಡಸ್ವಾಮಿಗೆ ಹರಕೆ ಹೊತ್ತೆ.

ಉಪ್ಪಿಟ್ಟು, ಕಾಫಿ ಮುಗಿದ ಮೇಲೆ ಹುಡುಗನ ತಾಯಿ ವಾಡಿಕೆಯಂತೆ ಒಂದು ಹಾಡು ಹೇಳು ಎಂದರು. ನನ್ನ ಗಂಟಲಿನ ಯೋಗ್ಯತೆ ಅಪ್ಪನಿಗೆ ಗೊತ್ತಿತ್ತು. "ಆಡು ಎಲ್ರೂ ಏಳ್ತಾರೆ ಬುಡಿ. ನಮ್ಮುಡ್ಗಿ ಇಮಾನದ ಇಂಜಿನ್ ಬಗ್ಗೆ ಬರ್ದವ್ಳೆ, ಓದ್ತಾಳೆ ಕೇಳಿ" ಎಂದ.

ಓದಿದೆ. ಎರಡನೆಯ ಲೇಖನ ಶುರು ಮಾಡಿದ ಕೂಡಲೇ ಆ ತಾಯಿ, "ಇದ ಈಗ್ಲೇ ಓದಿದ್ಯಲ್ಲವ್ವ" ಅಂದರು. ಇದು ಬೇರೆ ಇಂಜಿನ್ನು, ಒಂದೇ ಥರ ಬರೆಯಬೇಕೆಂಬುದೇ ನಿಯಮ ಎಂದೆ. ಪಡಸಾಲೆ ತುಂಬಾ ನಗು. ನಾಚಿಕೆಯಿಂದ ಕಿವಿ ಬಿಸಿಯಾದರೂ ಜಂಬ ಬಿಡಲಿಲ್ಲ. "ಒಂದೇ ಥರ ಇದ್ದರೆ ಹೋಲಿಸಿ ನೋಡೋದು ಸುಲಭ" ಎಂದು ಸೇರಿಸಿ, ಎರಡನೆಯದನ್ನೂ ಕೊನೆಯವರೆಗೆ ಓದಿದೆ.

ಹುಡುಗ ಹೋಲಿಸಿ ನೋಡಿದ. "ಮೊದಲನೇದು ಹತ್ತು ಜನ ಕೂರೋ ವಿಮಾನದ್ದು, ಎರಡನೇದು ನೂರು ಜನರದ್ದು. ಚಿಕ್ಕದಕ್ಕೇ ನೂಕುಬಲ ಜಾಸ್ತಿ ಇದೆಯಲ್ಲ?" ಎಂದು ಮೆತ್ತಗೆ ಕೇಳಿದ.

ಹೌದು, ಹಾಗೇ ಇತ್ತು. ಎರಡು ಪುಸ್ತಕ, ಎರಡು ಅಳತೆ. ಚಿಕ್ಕದರ ಲೆಕ್ಕ ಪೌಂಡಿನಲ್ಲಿತ್ತು. ಎಲ್ಲವೂ ಒಂದೇ ಥರ ಕಾಣಲಿ ಎಂದು ಅಂಕಿಯನ್ನು ಹಾಗೇ ಇಟ್ಟು ಪಕ್ಕದಲ್ಲಿ ಕಿಲೋ ಎಂದು ಬರೆದುಬಿಟ್ಟಿದ್ದೆ. ಕಿಲೋಗೆ ಎರಡು ಪೌಂಡಿಗಿಂತ ಹೆಚ್ಚು ಎಂದು ಮಕ್ಕಳಿಗೆ ಪಾಠ ಮಾಡುವವಳೂ ನಾನೇ. ನೆಲ ಬಾಯಿಬಿಡಬಾರದೇ ಅನ್ನಿಸಿತು.

ನಾನು ತುಟಿ ಬಿಚ್ಚುವ ಮೊದಲೇ ಅಪ್ಪ ನೆರವಿಗೆ ಬಂದ. "ಇಮಾನದಲ್ಲಿ ಅಂಗೇ ಕಣ್ರೀ. ದೊಡ್ಡದು ಒಂದ್ಸಾರಿ ಮೇಲಕ್ಕೇರುದ್ರೆ ಗಾಳೀನೇ ಎತ್ಕೊಂಡೋಯ್ತದೆ. ಚಿಕ್ಕದು ಒದ್ದಾಡ್ಬೇಕು, ಅದ್ಕೇ ಬಲ ಜಾಸ್ತಿ."

ಹುಡುಗ ತಲೆ ತಗ್ಗಿಸಿ ಕಾಫಿ ಲೋಟ ನೋಡತೊಡಗಿದ. ಯಂತ್ರ ಬಲ್ಲವನ ಮುಂದೆ ಬೆಲ್ಲದ ವ್ಯಾಪಾರಿ ಅಪ್ಪ ನನಗಾಗಿ ಬೆಪ್ಪನಾಗುತ್ತಿದ್ದ. ಸುಮ್ಮನಿದ್ದರೆ ಈ ಹುಡುಗ ಕೈತಪ್ಪುತ್ತಾನೆ ಎಂದಷ್ಟೇ ನನಗೆ ಹೊಳೆದದ್ದು.

"ಅಪ್ಪ ಹೇಳಿದ್ದು ಸುಳ್ಳು" ಎಂದೆ. "ನಾನು ಅಳತೆ ತಪ್ಪು ಬರೆದಿದ್ದೀನಿ."

ನನ್ನ ತಪ್ಪನ್ನಷ್ಟೇ ಹೇಳಿ ನಿಲ್ಲಿಸಬಹುದಿತ್ತು. ಬಾಯಿಗೆ ಮೊದಲು ಬಂದದ್ದು ಅಪ್ಪನ ಸುಳ್ಳು. ಪೌಂಡಿನ ನಾಚಿಕೆ ಸಂಪಾದಕರಿಗೆ ಬರೆದ ಒಂದು ಪೋಸ್ಟ್‌ಕಾರ್ಡಿಗೆ ತೀರಿತು. ಇದು ತೀರಿಲ್ಲ.

ಹುಡುಗನ ತಾಯಿಯ ಮುಖ ಅರಳಿತು. "ಉಡ್ಗಿ ಅಪ್ಪನ್ ಮುಂದೂ ನಿಜ ಏಳ್ತಾಳೆ. ನಮ್ಗೆ ಒಪ್ಗೆ ಕಣ್ರೀ" ಎಂದರು.

ಅಪ್ಪ ಟವಲ್ಲಿನಿಂದ ಮುಖ ಒರೆಸಿಕೊಂಡು, "ಅದು ಅವರವ್ವನ ಕಡೆ ಗುಣ" ಎಂದ. ಎಲ್ಲರೂ ನಕ್ಕರು. ಸಂಬಂಧ ಕೂಡಿತೆಂಬ ಖುಷಿಗೆ ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಅಪ್ಪ ಒಂದು ಸಲ ನನ್ನ ಕಡೆ ನೋಡಿ, ಬೀಗರಿಗೆ ಎಲೆಅಡಿಕೆ ತರಲು ತಾನೇ ಎದ್ದು ಒಳಗೆ ಹೋದ.