ಬರೇ ನೋಡಿದ್ದಕ್ಕೆ ಕರಗಿದ ಉಂಡಿ

ಶೈಲಾಳ ಕೈಗೆ ಹುಟ್ಟಿನಿಂದಲೇ ಒಂದು ಚಾಳಿ. ಅದು ಸುಮ್ಮನಿರುವುದಿಲ್ಲ.

ಅವಳ ಅಪ್ಪ ಅಣವೀರಪ್ಪ ಸಿಂದಗಿಯ ಕಡೆಯಿಂದ ಬಂದು, ಮುಂಬೈಯ ಭಾಂಡುಪ್‌ನಲ್ಲಿ ಮನೆ ಮಾಡಿ, ಬಿಲ್ಡಿಂಗುಗಳಿಗೆ ಬಣ್ಣ ಹಚ್ಚುತ್ತಿದ್ದ. ಶಾಲೆಗೆ ರಜೆಯಿದ್ದಾಗ ಮಗಳನ್ನೂ ಕರೆದೊಯ್ಯುತ್ತಿದ್ದ. ಅಪ್ಪ ಒಂದು ಗೋಡೆ ಮುಗಿಸುವಷ್ಟರಲ್ಲಿ ಮಗಳು ಆ ಬಿಲ್ಡಿಂಗಿನ ಸ್ವಿಚ್ಚುಗಳನ್ನೆಲ್ಲ ಒತ್ತಿ ಮುಗಿಸಿರುತ್ತಿದ್ದಳು. ಒಮ್ಮೆ ಲಿಫ್ಟಿನ ಎರಡು ಗುಂಡಿಗಳನ್ನು ಒಟ್ಟಿಗೇ ಒತ್ತಿದರೆ ಏನಾದೀತು ಎಂಬ ಕುತೂಹಲ ಹುಟ್ಟಿತು. ಏನಾಗುತ್ತದೆ ಎಂಬುದು ಸೊಸೈಟಿಯ ಸೆಕ್ರೆಟರಿಗೂ ತಿಳಿಯಿತು, ಏಕೆಂದರೆ ನಡುವೆಯೇ ನಿಂತ ಲಿಫ್ಟಿನೊಳಗೆ ಅವರಿದ್ದರು. ಅವತ್ತು ಅವ್ವ ಹನುಮವ್ವ ಮಗಳ ಕೈಗೊಂದು ಏಟು ಹಾಕಿ, "ಈ ಕೈ ಒಂದಿನಾ ನಿನ್ನ ಅನ್ನಕ್ಕ ಕಲ್ಲ ಹಾಕ್ತೈತಿ, ನೋಡ್ಕೋತ ಇರು" ಎಂದಿದ್ದಳು.

ಕಲ್ಲು ಹಾಕುವ ಮಾತು ಹಾಗಿರಲಿ, ಆ ಕೈ ಅನ್ನವನ್ನೇ ಹಾಕಿತು. ಕಾಲೇಜು ಮುಗಿದ ಮೇಲೆ ಶೈಲಾಳಿಗೆ ಸಾಂತಾಕ್ರೂಜ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನ್ಯುಯಲ್ ಟೆಸ್ಟರ್ ಕೆಲಸ ಸಿಕ್ಕಿತು. ಅಂದರೆ ಕೈಯಿಂದಲೇ ಒತ್ತಿ, ಎಳೆದು, ಕೆಣಕಿ ನೋಡುವುದು. ಪ್ರೋಗ್ರಾಂ ಬರೆಯುವವರು ಬಳಸುವ ಸಾಫ್ಟ್‌ವೇರನ್ನು ಆ ಕಂಪನಿ ಮಾಡುತ್ತದೆ, ಅದರೊಳಗೊಂದು ಡೀಬಗರ್ ಇದೆ. ಓಡುತ್ತಿರುವ ಪ್ರೋಗ್ರಾಮನ್ನು ಹೇಳಿದ ಸಾಲಿನಲ್ಲಿ ತಡೆದು ನಿಲ್ಲಿಸಿ, ಆ ಕ್ಷಣ ಅದರ ಹೊಟ್ಟೆಯಲ್ಲಿ ಏನೇನಿದೆ ಎಂದು ತೋರಿಸುವುದು ಡೀಬಗರ್‌ನ ಕೆಲಸ. ಅದು ಹೇಳಿದಲ್ಲೇ ನಿಂತಿತೆ, ತೋರಿಸಿದ್ದು ನಿಜವೆ ಎಂದು ಪರೀಕ್ಷಿಸುವುದು ಶೈಲಾಳ ಕೆಲಸ. ತಪ್ಪು ಹಿಡಿಯುವವನದೇ ತಪ್ಪು ಹಿಡಿಯಲು ಯಾರಾದರೂ ಸಂಬಳ ಕೊಡುತ್ತಾರೆಂದು ಹನುಮವ್ವ ಬಹಳ ದಿನ ನಂಬಲಿಲ್ಲ.

ಈ ಶ್ರಾವಣದಲ್ಲಿ ಆ ಅನ್ನಕ್ಕೆ ಕುತ್ತು ಬಂತು. ಟೀಮಿನ ಮುಖ್ಯಸ್ಥ ಸುಕೇಶ್ ಉಡುಪಿ ಕಡೆಯ ಮನೆತನದವರು, ಹುಟ್ಟಿ ಬೆಳೆದದ್ದು ಮುಂಬೈಯಲ್ಲೇ. ಡೀಬಗರನ್ನು ತಾನೇ ಪರೀಕ್ಷಿಸುವ ಒಂದು ಯಂತ್ರದ ವ್ಯವಸ್ಥೆಯನ್ನು ಅವರು ಸಿದ್ಧಪಡಿಸಿದ್ದರು. ಅದಕ್ಕೆ ಚಹಾ ಬೇಡ, ಅದು ಲೋಕಲ್ ರೈಲು ತಪ್ಪಿತೆಂದು ತಡವಾಗಿ ಬರುವುದಿಲ್ಲ. ಶೈಲಾಳ ಕಾಂಟ್ರ್ಯಾಕ್ಟ್ ತಿಂಗಳ ಕೊನೆಗೆ ಮುಗಿಯುವುದಿತ್ತು. "ಕೈಯಿಂದ ನೋಡುವಂಥದ್ದು ಇನ್ನು ಎಂತ ಉಂಟು, ನೀನೇ ಹೇಳು" ಎಂದು ಸುಕೇಶ್ ಕೇಳಿದಾಗ ಅವಳಿಗೆ ಹೆದರಿಕೆಯಾಯಿತು.

ಅರ್ಧ ಉತ್ತರ ಅವಳ ಹತ್ತಿರವಿತ್ತು. ನಾಗರಪಂಚಮಿ ಹತ್ತಿರ ಬಂದಿತ್ತೆಂದು ಅವಳು ಪರೀಕ್ಷೆಗೆ ಉಂಡಿಯದೇ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಂಡಿದ್ದಳು. ಒಂದು ಡಬ್ಬಿ, ಅದರ ತುಂಬ ಉಂಡಿ, ಒಂದೊಂದಾಗಿ ತೆಗೆದು ಹಂಚುವುದು, ಅಷ್ಟೇ. ಡೀಬಗರ್‌ನಲ್ಲಿ ನಿಲ್ಲಿಸಿ ನೋಡಿದರೆ ಒಮ್ಮೊಮ್ಮೆ ಹಂಚುವ ಮೊದಲೇ ಉಂಡಿ ಕಡಿಮೆಯಾಗಿರುತ್ತಿತ್ತು. ಶೈಲಾ ದೂರು ಬರೆದಳು. ಸುಕೇಶ್ ತಮ್ಮ ಮೇಜಿನಲ್ಲಿ ಓಡಿಸಿ, "ನನ್ನಲ್ಲಿ ಸರಿ ಬರ್ತದೆ ಮಾರಾಯ್ತಿ" ಎಂದು ದೂರನ್ನು ಮುಚ್ಚಿದರು. ಅವರ ಯಂತ್ರವೂ ಸರಿಯಿದೆ ಎಂದಿತು. ಮತ್ತೆ ಬರೆದಳು, ಮತ್ತೆ ಮುಚ್ಚಿದರು. "ಡೀಬಗರ್ ಬರೀ ನೋಡುದು. ನೋಡಿದ್ರೆ ಉಂಡಿ ಹೇಗೆ ಖಾಲಿ ಆಗ್ತದೆ?"

ಪಂಚಮಿಯ ಮರುದಿನ ಹನುಮವ್ವ ಡಬ್ಬಿಯಲ್ಲಿ ಎಳ್ಳುಂಡಿ ಹಾಕಿ ಕೊಟ್ಟಳು. ಸುಕೇಶರಿಗೆ ಸಿಹಿಯೆಂದರೆ ಪ್ರಾಣ, ಡಾಕ್ಟರರು ಬೇಡ ಎಂದಿದ್ದಾರೆ. ಆಫೀಸಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿದ್ದೇ ಶೈಲಾ ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟಳು.

"ಸರ್, ಮೀಟಿಂಗ್ ಮುಗಿಸಿ ಬರ್ತೀನಿ. ಸ್ವಲ್ಪ ನೋಡ್ಕೋರಿ. ಒಂಬತ್ತ ಅದಾವ."

ಬೆಕ್ಕನ್ನು ಹಾಲಿಗೆ ಕಾವಲಿಟ್ಟಳು ಎಂದು ಪಕ್ಕದವರು ಮುಸಿಮುಸಿ ನಕ್ಕರು. ಅವಳು ಮರಳಿ ಬಂದಾಗ ಎಂಟೇ ಇದ್ದವು.

"ಅಯ್ಯೋ, ನಾನು ಮುಟ್ಟಲಿಲ್ಲ ಮಾರಾಯ್ತಿ," ಎಂದರು ಸುಕೇಶ್. "ಮುಚ್ಚಳ ತೆಗ್ದು ಬರೀ ನೋಡಿದ್ದು."

"ಮೀಸ್ಯಾಗ ಎಳ್ಳ ಐತಿ ನೋಡ್ರಿ ಸರ್."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುಕೇಶರ ಕೈ ತಟ್ಟನೆ ಮೀಸೆಗೆ ಹೋಯಿತು. ಮೀಸೆಯಲ್ಲಿ ಏನೂ ಇರಲಿಲ್ಲ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಶೈಲಾ ಮಾತ್ರ ನಗುತ್ತಿದ್ದವಳು ಅರ್ಧಕ್ಕೇ ನಿಂತಳು. ನೋಡುವ ನೆಪದಲ್ಲಿ ಇವರು ಒಂದನ್ನು ಹೊರಗೆ ತೆಗೆದರಲ್ಲ, ಆ ಡೀಬಗರ್ ಕೂಡ ಇದನ್ನೇ ಮಾಡುತ್ತಿದ್ದರೆ?

ಓಡಿಹೋಗಿ ಉಂಡಿಯ ಪ್ರೋಗ್ರಾಮನ್ನು ನಿಲ್ಲಿಸಿ, ಈ ಸಲ ಪರದೆಯನ್ನು ಬಿಟ್ಟು ತನ್ನ ಕೈಯನ್ನೇ ನೋಡಿದಳು. ಕೈ ತನ್ನ ಪಾಡಿಗೆ ಮೌಸನ್ನು ಅತ್ತಿತ್ತ ಆಡಿಸುತ್ತಿತ್ತು. ಬಾಣದ ಗುರುತು ಡಬ್ಬಿಯ ಸಾಲಿನ ಮೇಲೆ ನಿಂತಾಗಲೆಲ್ಲ ಒಂದು ಸಣ್ಣ ಚೌಕ ಮೂಡಿ, ಮುಂದೆ ಬರುವ ಉಂಡಿ ಯಾವುದೆಂದು ತೋರಿಸುತ್ತಿತ್ತು. ತೋರಿಸುವ ಸಲುವಾಗಿ ಡೀಬಗರ್ ಒಂದು ಉಂಡಿಯನ್ನು ಹೊರಗೆ ತೆಗೆಯುತ್ತಿತ್ತು, ಮತ್ತೆ ಒಳಗಿಡುತ್ತಿರಲಿಲ್ಲ. ಸುಕೇಶ್ ಮೌಸ್ ಮುಟ್ಟುವವರೇ ಅಲ್ಲ, ಎಲ್ಲವೂ ಕೀಬೋರ್ಡಿನಲ್ಲೇ. ಯಂತ್ರಕ್ಕಂತೂ ಆಡಿಸಲು ಕೈಯೇ ಇಲ್ಲ.

"ಸರ್, ಇಲ್ಲಿ ಬರ್ರಿ. ಕೀಬೋರ್ಡ್ ಬಿಟ್ಟು ಮೌಸ್ ಹಿಡೀರಿ. ಆ ಸಾಲಿನ ಮ್ಯಾಲ ಸುಮ್ನ ಆಡಸ್ರಿ."

ಸುಕೇಶ್ ಆಡಿಸಿದರು. ಅವರ ಕಣ್ಣೆದುರೇ ಒಂದು ಉಂಡಿ ಹೋಯಿತು, ಆಮೇಲೆ ಇನ್ನೊಂದು.

"ಪಾಪ, ಅದೂ ನಿಮ್ಮಂಗನ ಸರ್. ಬರೇ ನೋಡೇತಿ."

ಅವರು ಎಲ್ಲರಿಗಿಂತ ಜೋರಾಗಿ ನಕ್ಕರು. ಮುಚ್ಚಿದ ದೂರನ್ನು ತಾವೇ ತೆರೆದರು. ಸಂಜೆ ಅವಳನ್ನು ಕರೆದು, "ಹೇಳಿದ್ದನ್ನು ಮಾಡ್ಲಿಕ್ಕೆ ಮಷಿನ್ ಉಂಟು. ಹೇಳದ್ದನ್ನು ಮಾಡ್ಲಿಕ್ಕೆ ಯಾರಾದ್ರೂ ಬೇಕಲ್ಲ? ಮೇಲಿನವರಲ್ಲಿ ಮಾತಾಡಿದ್ದೇನೆ. ನೀನು ಇರು" ಎಂದರು. ಶೈಲಾಳ ಕಣ್ಣು ತುಂಬಿ ಬಂತು. ಅದನ್ನು ಅಡಗಿಸಲು ಅವಳು ಎಲ್ಲರಿಗೂ ಹಂಚಿ ಉಳಿದಿದ್ದ ಇನ್ನೊಂದು ಉಂಡಿಯನ್ನು ಅವರಿಗೆ ಕೊಟ್ಟಳು.

ದಾದರ್‌ನಲ್ಲಿ ಗಾಡಿ ಬದಲಿಸುವಾಗ ಮನೆಗೆ ಫೋನ್ ಮಾಡಿದಳು.

"ಅವ್ವಾ, ಕೆಲಸ ಉಳೀತು! ನನ್ನ ಇಟ್ಕೊಂಡ್ರು."

"ಹೌದಾ ನನ್ನವ್ವ! ಅಂಥಾದ್ದೇನ್ ಮಾಡಿದಿ?"

"ಏನಿಲ್ಲ. ಕೈ ಸುಮ್ಮ ಇರಲಿಲ್ಲ."

ಹನುಮವ್ವ ಸೆರಗಿನಿಂದ ಮೂಗು ಒರೆಸಿಕೊಂಡದ್ದು ಫೋನಿನಲ್ಲೂ ಕೇಳಿಸಿತು. ಆಮೇಲೆ ಅವಳು ಎಂದಿನ ಹನುಮವ್ವನಾದಳು.

"ಉಂಡಿ ಎಲ್ಲಾರಿಗೂ ಮುಟ್ಟಿದ್ವಿಲ್ಲೋ?"

"ಮುಟ್ಟಿದ್ವು. ಒಂಬತ್ತರಾಗ ಒಂದ ಸಾಹೇಬ್ರ ಕದ್ದ ತಿಂದ್ರು."

"ಒಂಬತ್ತ? ನಾ ಹನ್ನೊಂದ ಹಾಕಿದ್ನೆಲ್ಲ?"

ಭಾಂಡುಪ್ ಕಡೆಯ ಗಾಡಿ ಬಂತು. ಹತ್ತಿರವಿದ್ದವರು ಕೇಳಿಸಿಕೊಳ್ಳಬಾರದೆಂದು ಶೈಲಾ ಫೋನನ್ನು ಬಾಯಿಗೆ ಒತ್ತಿ ಹಿಡಿದಳು.

"ಮುಂಜಾನಿ ಲೋಕಲ್‌ನ್ಯಾಗ ಮುಚ್ಚಳಾ ತಗದಿದ್ನವಾ," ಎಂದಳು. "ಬರೇ ನೋಡೀನಿ."