ಕೊನೆಯ ರಕ್ತಕ್ಕೆ ಕಾಯುವ ಪ್ರೇಮಕುಮಾರಿ

ಹೊಳೆನರಸೀಪುರದ ಕಲ್ಯಾಣ ಮಂಟಪವೊಂದರ ಹಿಂಬಾಗಿಲು. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಪ್ರೇಮಕುಮಾರಿ ಕೈಚೀಲ ಕೆಳಗಿಟ್ಟು ಅಡುಗೆಮನೆಗೆ ಇಣುಕುತ್ತಾರೆ. ಅಡುಗೆ ಭಟ್ಟರು ಆಗಲೇ ಮಿಂದು, ಒದ್ದೆ ಪಂಚೆ ಉಟ್ಟು ನಿಂತಿದ್ದಾರೆ.

"ಮಡೀಲಿದೀನಿ, ಮುಟ್ಟಬೇಡಮ್ಮ," ಅನ್ನುತ್ತಾರೆ, ಮುಖ ನೋಡದೆ.

ಭಟ್ಟರ ಹೆಸರು ಇಲ್ಲಿ ಬೇಡ, ಅದು ಅವರೇ ಹಾಕಿದ ಷರತ್ತು. ಅವರಿಗೆ ಹೆಪಟೈಟಿಸ್ ಸಿ ಇತ್ತು. ಮಾತ್ರೆ ಮುಗಿಸಿ ಹನ್ನೆರಡು ವಾರವಾಗಿದೆ. ಈಗ ತೆಗೆಯುವ ರಕ್ತವೇ ವೈರಸ್ ತೊಲಗಿತೋ ಇಲ್ಲವೋ ಹೇಳಬೇಕು. ಇವತ್ತು ತಪ್ಪಿದರೆ ಮದುವೆ ಮೇಲೆ ಮದುವೆ ಅಂತ ಊರೂರು ಸುತ್ತುವವರು ಕೈಗೆ ಸಿಗುವುದಿಲ್ಲ. ಹಿಂದೆಲ್ಲ ಸ್ನಾನಕ್ಕೆ ಮುಂಚೆಯೇ ತೋಳು ಚಾಚುತ್ತಿದ್ದರು. ಇವತ್ತು ಬೇಕಂತಲೇ ಮೊದಲು ಮಿಂದಿದ್ದಾರೆ, ಬೆರಕಿ ಭಟ್ಟರು!

ಅರಕಲಗೂಡು ಕಡೆಯ ಒಕ್ಕಲು ಮನೆತನದ ಪ್ರೇಮಕುಮಾರಿಯವರದು ಹಾಸನದ ಒಂದು ಸಂಶೋಧನೆಯಲ್ಲಿ ಗುತ್ತಿಗೆ ಕೆಲಸ. ಮಾತ್ರೆ ಯಾರಿಗೆ ಹಿಡಿಯಿತು, ಯಾರಿಗೆ ಹಿಡಿಯಲಿಲ್ಲ ಎಂದು ವೈದ್ಯರಿಗೆ ತಿಳಿಯಬೇಕಾದರೆ ಈ ಕೊನೆಯ ರಕ್ತ ಬೇಕು. ಮೈ ಹಗುರಾದವರು ಮತ್ತೆ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ, ಅವರನ್ನು ಹುಡುಕಿಕೊಂಡು ಹೋಗುವುದು ಈಕೆಯ ಪಾಡು. ದಿನಕ್ಕೆ ಮೂರೋ ನಾಲ್ಕೋ ಮನೆ, ಕೆಲವು ದಿನ ಬರಿಗೈ. ಚೀಲದಲ್ಲಿ ಐಸ್ ಡಬ್ಬಿ, ಅದರ ಮೇಲೊಂದು ಕಟ್ಟು ದಂಟಿನ ಸೊಪ್ಪು. ಆಸ್ಪತ್ರೆಯವಳೆಂದು ಗೊತ್ತಾದರೆ ಆ ಮನೆಯವರ ಕಥೆ ಬೀದಿಗೆ ಬಂದಂತೆಯೇ. ಬಸ್ಸಿನಲ್ಲಿ ಸೊಪ್ಪಿನ ಬೆಲೆ ಕೇಳಿದವರನ್ನು "ಮನೇಗೆ ಕಣಕ್ಕ" ಎಂದು ಸಾಗಹಾಕುತ್ತಾರೆ.

"ಈ ಕೆಲ್ಸಕ್ ಸೇರಿದ್ ಮೊದ್ಲೊರ್ಸ ನಮ್ಮತ್ತೆ ನನ್ ತಟ್ಟೆನೇ ಬ್ಯಾರೆ ಮಡಗಿದ್ರು ಸಾ," ಎಂದು ಪ್ರೇಮಕುಮಾರಿ ನಮ್ಮೊಡನೆ ಹೇಳಿಕೊಳ್ಳುತ್ತಾರೆ. " ಇದು ರಕ್ತದಿಂದ ರಕ್ತಕ್ಕೆ ಅಂಟೋದು, ಊಟದಿಂದ ಬರಾಕಿಲ್ಲ ಅಂತ ಏಳಿ ಏಳಿ ಬಾಯಿ ನೋವು ಬಂತು."

ಹಿಂಬಾಗಿಲ ಮೆಟ್ಟಿಲ ಮೇಲೆ ಕೂತ ಪ್ರೇಮಕುಮಾರಿ ಜಪ್ಪಯ್ಯ ಅಂದರೂ ಏಳುವುದಿಲ್ಲ. ಭಟ್ಟರ ಅಡುಗೆ ಸಹಾಯಕರು ಬರುವ ಹೊತ್ತಾಗಿದೆ. ಅವರ ಕಣ್ಣಿಗೆ ಸೂಜಿ ಬಿದ್ದರೆ ನಾಳೆಯಿಂದ ಭಟ್ಟರನ್ನು ಅಡುಗೆಗೆ ಕರೆಯುವವರಿಲ್ಲ.

"ಸ್ವಾಮಿ, ಮಡಿ ಕೆಟ್ರೆ ಇನ್ನೊಂದ್ಸಲ ನೀರು ಉಯ್ಕಬೌದು. ಲಿವರ್ ಕೆಟ್ರೆ ಏನು ಉಯ್ಕತೀರಾ?"

ಭಟ್ಟರು ಸೌಟು ಕೆಳಗಿಡುತ್ತಾರೆ. "ಇನ್ನೂ ಇದೆ ಅಂತ ಬಂದ್ಬಿಟ್ರೆ ಏನ್ಮಾಡ್ಲಮ್ಮ? ಗೊತ್ತಿಲ್ದಿದ್ರೆ ಧೈರ್ಯವಾಗಿ ಅಡುಗೆನಾದ್ರೂ ಮಾಡ್ಕೊಂಡಿರ್ತೀನಿ."

"ಇದ್ರೆ ಬ್ಯಾರೆ ಮಾತ್ರೆ ಅವೆ. ಡಾಕ್ಟ್ರೂ ಬುಡಾಕಿಲ್ಲ, ನಾನೂ ಬುಡಾಕಿಲ್ಲ."

ಭಟ್ಟರು ಉಗ್ರಾಣದ ಕಡೆ ನಡೆಯುತ್ತಾರೆ. ಅಲ್ಲಿ ಅಕ್ಕಿ ಮೂಟೆಗಳ ನಡುವೆ, ಬಾಗಿಲು ಓರೆ ಮಾಡಿಕೊಂಡು, ಆಕೆ ತೋಳಿಗೆ ಪಟ್ಟಿ ಬಿಗಿಯುತ್ತಾರೆ. ಅಷ್ಟರಲ್ಲಿ ಹೊರಗೆ ಆಟೊ ನಿಂತ ಸದ್ದು. "ಭಟ್ರೇ, ಕುಂಬಳಕಾಯಿ ಎಲ್ಲಿಡೋಣ?" ಎಂದು ಸಹಾಯಕನ ಕೂಗು. ಭಟ್ಟರು ತಟ್ಟನೆ ಬಾಗಿಲ ಕಡೆ ತಿರುಗುತ್ತಾರೆ, ನರ ಸಿಗದೆ ಸೂಜಿ ಜಾರುತ್ತದೆ. ಹೆಜ್ಜೆ ಸಪ್ಪಳ ಉಗ್ರಾಣದ ಕಡೆಗೇ ಬರುತ್ತಿದೆ.

"ಅಲ್ಲೇ ಇಡೋ, ಒಳಗೆ ಬರಬೇಡ, ಮಡಿ!" ಭಟ್ಟರು ಗದರುತ್ತಾರೆ. ಸಪ್ಪಳ ನಿಲ್ಲುತ್ತದೆ. ಎರಡನೆಯ ಸಲಕ್ಕೆ ನರ ಸಿಕ್ಕಿ ಸೀಸೆಗೆ ರಕ್ತ ಇಳಿಯುತ್ತದೆ. ಭಟ್ಟರು ಬಚ್ಚಲಿಗೆ, ಪ್ರೇಮಕುಮಾರಿ ಹಾಸನದ ಬಸ್ಸಿಗೆ.

ಪರೀಕ್ಷೆಯಲ್ಲಿ ವೈರಸ್ ಕಾಣಲಿಲ್ಲ. ಫೋನಿನಲ್ಲಿ ಸುದ್ದಿ ಕೇಳಿ ಭಟ್ಟರು ಅತ್ತೇಬಿಟ್ಟರಂತೆ. ಆಮೇಲೊಂದು ದಿನ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ, ಸಹಾಯಕರ ಜೊತೆ ಎದುರಾದವರು, ಗುರುತೇ ಇಲ್ಲದವರಂತೆ ಮುಖ ತಿರುಗಿಸಿಕೊಂಡು ಬಿರಬಿರನೆ ಹೋದರು. ಕೇಳಿದರೆ ನಮಗೇ ಸಂಕಟವಾಗುತ್ತದೆ. ಪ್ರೇಮಕುಮಾರಿಗೆ ನಗು.

"ಬೇಜಾರ್ಯಾಕೆ ಸಾ? ಮೊದ್ಲು ನಾಕೆಜ್ಜೆ ಆಕುದ್ರೆ ಸುಸ್ತು ಅಂತ ಕುಂತ್ಕಬುಡೋರು. ಅವತ್ತು ನೀವು ನೋಡ್ಬೇಕಿತ್ತು, ನನ್ನಿಂದ ತಪ್ಪಿಸ್ಕಳಾಕೆ ಎಂಗೆ ಓಡುದ್ರು ಅಂತೀರಾ!"