ಅಪ್ಪನ ಎದೆಯ ಗೆರೆ

ಎದೆಯಲ್ಲಿ ಕರೆಂಟಿದೆ ಎಂದು ಯಾರಾದರೂ ಹೇಳಿದರೆ ಈಗಲೂ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ. ಚಾಮರಾಜನಗರದಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದ ನನ್ನ ಪಾಡೇ ಇದಾದರೆ, ಗುಂಡ್ಲುಪೇಟೆಯ ಈರುಳ್ಳಿ ವ್ಯಾಪಾರಿ ನಮ್ಮಪ್ಪನನ್ನು ಏನನ್ನೋಣ?

ಐವತ್ತರ ದಶಕದ ಮಾತು. ನಮ್ಮ ಮನೆಗಿನ್ನೂ ವಿದ್ಯುತ್ತು ಬಂದಿರಲಿಲ್ಲ. ಒಂದು ಬೆಳಗ್ಗೆ ಈರುಳ್ಳಿ ಮಂಡಿಯಲ್ಲಿ ಅಪ್ಪ ಎದೆ ಹಿಡಿದುಕೊಂಡು ಮೂಟೆಗಳ ನಡುವೆ ಕುಸಿದು ಕೂತರು. ಮೈಸೂರಿನಿಂದ ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು, ಮುಂದಿನ ಸಲ ಹೃದಯ ಅಳೆಯುವ ಯಂತ್ರ ತರುತ್ತೇನೆ, ಅಲ್ಲಿಯವರೆಗೆ ಮಂಡಿಯ ಕಡೆ ತಲೆ ಹಾಕಬೇಡಿ ಎಂದರು. ಅಪ್ಪನಿಗೆ ಮಂಡಿ ತಪ್ಪೀತೆಂಬ ಚಿಂತೆ, ಅವ್ವನಿಗೆ ಅಪ್ಪನೇ ತಪ್ಪಿಹೋದಾರೆಂಬ ಭಯ.

“ಒಳಕ್ಕೆ ಕರೆಂಟ್ ಬುಡ್ತಾರೇನ್ಲಾ?” ಎಂದು ಅಪ್ಪ, ಸುದ್ದಿ ತಿಳಿದು ಊರಿಗೆ ಬಂದಿದ್ದ ನನ್ನನ್ನು ಕೇಳಿದರು.

ನನಗೆ ಅಷ್ಟೇ ಸಾಕಾಗಿತ್ತು. ಬಿಡುವುದಿಲ್ಲ, ಇರುವುದನ್ನು ಅಳೆಯುತ್ತಾರೆ ಎಂದೆ. ಮೈಯ ಒಂದೊಂದು ಜೀವಕೋಶದ ಒಳಗೂ ಹೊರಗೂ ವಿದ್ಯುತ್ತಿನಲ್ಲಿ ಚೂರು ವ್ಯತ್ಯಾಸವಿರುತ್ತದೆ. ಕೂದಲಿಗಿಂತ ಸಣ್ಣ ಗಾಜಿನ ಸೂಜಿ ಚುಚ್ಚಿ ಅದನ್ನು ಕಂಡವರಿದ್ದಾರೆ. ಹೃದಯದ ಕೋಶಗಳು ಒಟ್ಟಿಗೆ ಮಿಡಿದಾಗ ಅದರ ಸುಳಿವು ಚರ್ಮದವರೆಗೂ ಬರುತ್ತದೆ. ಹೀಗೆ ಸಾಗಿತು ನನ್ನ ಪಾಠ.

“ಕಂಬ ಇಲ್ಲದ ಮನೇಲಿ ನಂಗೊಬ್ಬಂಗೆ ಕರೆಂಟ್ ಬಂದದೆ ಅನ್ನು,” ಎಂದು ಅಪ್ಪ ಕಣ್ಣು ಮುಚ್ಚಿದರು.

ಡಾಕ್ಟರು ಬ್ಯಾಟರಿಯ ಯಂತ್ರ ತಂದ ದಿನ ಅಪ್ಪ ಸ್ನಾನ, ಲಿಂಗಪೂಜೆ ಮುಗಿಸಿ, ಮಣಿಕಟ್ಟು, ತೋಳು, ಎದೆಗೆಲ್ಲ ದಪ್ಪ ವಿಭೂತಿ ಬಳಿದುಕೊಂಡು ಮಲಗಿದರು. ದೊಡ್ಡ ಕಾರ್ಯಕ್ಕೆ ಹೊರಟವರು ಹಾಗಲ್ಲದೆ ಇನ್ನು ಹೇಗೆ ಹೊರಡುತ್ತಾರೆ? ಎದೆಯ ಮೇಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ತೆಗೆದಿಡಿ ಎಂದರು ಡಾಕ್ಟರು.

“ಮೈಯಿಂದ ತಗ್ಯಕಾಗಲ್ಲ ಡಾಕ್ಟ್ರೇ. ತಲೆಗೆ ಕಟ್ಕತೀನಿ ಬುಡಿ,” ಎಂದು ಅಪ್ಪ ಅದನ್ನು ರುಮಾಲಿನಲ್ಲಿ ತಲೆಗೆ ಬಿಗಿದುಕೊಂಡರು.

ಯಂತ್ರದ ಲೋಹದ ಬಿಲ್ಲೆಗಳನ್ನು ಮೈಗೆ ಕಟ್ಟಿದ್ದಾಯಿತು. ಕಾಗದದ ಮೇಲೆ ಗೆರೆ ಹುಚ್ಚುಹುಚ್ಚಾಗಿ ಹಾರಾಡಿತು. ಡಾಕ್ಟರ ಹುಬ್ಬು ಗಂಟಾಯಿತು. ನನ್ನ ವಿಜ್ಞಾನವೆಲ್ಲ ಮರೆತು, ಗೆರೆ ಬಿಟ್ಟು ಡಾಕ್ಟರ ಮುಖವನ್ನೇ ಓದತೊಡಗಿದೆ. ಆಮೇಲೆ ಡಾಕ್ಟರು ಒಂದು ಬಿಲ್ಲೆ ಎತ್ತಿ ನೋಡಿದರೆ ಅಡಿಯಲ್ಲಿ ಒಣ ಬೂದಿ. ಚರ್ಮದ ಸುದ್ದಿ ಲೋಹಕ್ಕೆ ಸರಿಯಾಗಿ ಮುಟ್ಟುತ್ತಲೇ ಇರಲಿಲ್ಲ.

ಒರೆಸಬೇಕು ಎನ್ನಲು ಅವರು ಹಿಂಜರಿದರು. ಗಂಡನ ಮೈಮೇಲಿನ ವಿಭೂತಿ ಅಳಿಸುವುದೆಂದರೆ ಅವ್ವನ ಮನಸ್ಸಿಗೆ ಏನೆಲ್ಲ ಬಂದಿರಬೇಕೋ, ನೆನೆದರೆ ಈಗಲೂ ಸಂಕಟವಾಗುತ್ತದೆ. ಅವಳೇ ಸೆರಗನ್ನು ಉಪ್ಪುನೀರಿನಲ್ಲಿ ಅದ್ದಿ ಒಂದೊಂದಾಗಿ ಒರೆಸಿದಳು.

“ಅಲ್ಲಾಡ್ದೆ ಮನಿಕಳಿ,” ಎಂದಳು.

ಈ ಸಲ ಗೆರೆ ಒಂದೇ ಸಮನೆ ಏರಿ ಇಳಿಯಿತು. ಹೃದಯಕ್ಕೇನೂ ಆಗಿಲ್ಲ, ಮೂಟೆ ಎತ್ತಿ ಭುಜದ ಸ್ನಾಯು ಉಳುಕಿದೆ, ವಾರ ಬಿಟ್ಟು ಮಂಡಿಗೆ ಹೋಗಬಹುದು ಎಂದರು ಡಾಕ್ಟರು. ನನಗೆ ಅಳು ಬಂತು. ಕಿಟಕಿಯತ್ತ ತಿರುಗಿ ನಿಂತೆ.

ಡಾಕ್ಟರನ್ನು ಕೇಳಿ ಅವ್ವ ಆ ಕಾಗದದ ಒಂದು ತುಂಡು ಇಸಿದುಕೊಂಡಳು. ಅವರು ಹೋದ ಮೇಲೆ ಅಪ್ಪನ ಕೈಗೆ, ಎದೆಗೆ ಮತ್ತೆ ವಿಭೂತಿ ಹಚ್ಚಿದಳು. ಬೆರಳಿಗೆ ಅಂಟಿ ಉಳಿದದ್ದರಲ್ಲಿ ಆ ಕಾಗದಕ್ಕೂ ಮೂರು ಪಟ್ಟೆ ಎಳೆದು ದೇವರ ಗೂಡಿನಲ್ಲಿಟ್ಟಳು. ವಿಜ್ಞಾನದ ಮೇಷ್ಟ್ರು ಪಕ್ಕದಲ್ಲೇ ಇದ್ದರು, ಕೈಮುಗಿದರು.